ನಾಲ್ಕನೇ ತಂತಿ

ನಮ್ಮ ಕಡೆಯವರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಎಲೆಕ್ಟ್ರಿಕ್ ಸ್ಕೂಟರುಗಳು ಬಂದವು, ಮಾವನ ಕೆಲಸ ನಿಂತುಹೋಯಿತು. ಹಬ್ಬಕ್ಕೆ ಸೇರಿದಾಗ, ಮದುವೆಮನೆಯ ಊಟದ ಸಾಲಿನಲ್ಲಿ, ಬನಶಂಕರಿ ಎರಡನೇ ಹಂತದ ಆ ಮುಚ್ಚಿದ ಗ್ಯಾರೇಜಿನ ಮುಂದೆ ಹಾದುಹೋಗುವಾಗ, ಯಾರಾದರೊಬ್ಬರು ಇದನ್ನು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. "ಕಾಲವೇ ಹಾಗಿದೆ, ಯಾರ್ ಏನ್ ಮಾಡೋಕಾಗತ್ತೆ" ಎಂದು ಅಮ್ಮ ಮುಗಿಸುತ್ತಾಳೆ. ಮಾವ, ಅಂದರೆ ಅಮ್ಮನ ತಮ್ಮ, ಈ ಮಾತು ಬಂದಾಗಲೆಲ್ಲ ಊಟ ಮುಗಿದಿರಲಿ ಬಿಡಲಿ ಎದ್ದು ಕೈ ತೊಳೆಯಲು ಹೋಗುತ್ತಾರೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಹೊಸ ಗಾಡಿ ಬಂದರೆ ಹಳೆಯ ಗಾಡಿಯ ಬಿಡಿಭಾಗಕ್ಕೆ ಬೇಡಿಕೆ ಬೀಳುತ್ತದೆ ಎನ್ನುವುದೇ ಮೊದಲ ತಪ್ಪು. ಆಗುವುದು ಅದರ ತದ್ವಿರುದ್ಧ. ಕಂಪನಿಗಳು ಹಳೆಯದನ್ನು ಮಾಡುವುದು ನಿಲ್ಲಿಸುತ್ತವೆ, ಹಳೆಯ ಗಾಡಿ ಇಟ್ಟುಕೊಂಡವರು ಮಾವನಂಥವರ ಬಾಗಿಲಿಗೇ ಬರಬೇಕಾಗುತ್ತದೆ. ಗ್ಯಾರೇಜು ಮುಚ್ಚಿದ ತಿಂಗಳಲ್ಲೂ ಗೇಟಿನ ಮುಂದೆ ಜನ ನಿಂತಿದ್ದನ್ನು ನಾನೇ ನೋಡಿದ್ದೇನೆ. ಎರಡು ಸಂಗತಿಗಳು ಒಂದೇ ವರ್ಷ ನಡೆದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಒಂದು ವಾಕ್ಯದಿಂದಲೇ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ.

ಕೆಲಸ ನಿಂತದ್ದು ಒಂದು ತಂತಿಯಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ತಂತಿಯ ಬಗ್ಗೆ ನಾನು ಗೆದ್ದ ಒಂದು ವಾದದಿಂದ. ಆ ತಂತಿಯ ಆಚೆ ತುದಿಯಲ್ಲಿ, ಕಬ್ಬಿನ ಹಾಲಿನ ಗಾಡಿಯಲ್ಲಿ ದುಡಿಯುವ ಒಬ್ಬ ಹೆಂಗಸಿನ ಬಲಗೈ ಇತ್ತು. ನಾನೂ ಇದರಲ್ಲಿ ಒಂದು ಪಕ್ಷದವಳೇ, ಹಾಗಾಗಿ ನನ್ನ ಮಾತನ್ನೂ ಅನುಮಾನದಿಂದಲೇ ಓದಬಹುದು. ಆದರೆ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಮಾವ ಒಂದು ಕಾರ್ಖಾನೆಯ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸೇವೆ ಮುಗಿಸಿದವರು. ನಿವೃತ್ತರಾದ ಮೇಲೆ ಮನೆಯ ಗ್ಯಾರೇಜಿನಲ್ಲಿ ಕಾರಿನ ಬದಲು ಒಂದು ಬೆಂಚು ಹಾಕಿಕೊಂಡರು. ಹಳೆಯ ಟೂ-ಸ್ಟ್ರೋಕ್ ಬೈಕು, ಮೊಪೆಡ್ಡು, ನೀರೆತ್ತುವ ಪುಟ್ಟ ಪಂಪು, ಇಂಥವುಗಳ ಇಂಜಿನ್ನಿಗೆ ಬೇಕಾದ ಇಗ್ನಿಷನ್ ಡಬ್ಬಿಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡುತ್ತಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಕೆಪಾಸಿಟರ್, ಒಂದು ಎಸ್‌ಸಿಆರ್, ಕೆಲವು ಡಯೋಡು, ಎರಡು ಮೂರು ರೆಸಿಸ್ಟರು. ಎಲ್ಲವೂ ಎಸ್.ಪಿ. ರೋಡಿನಲ್ಲಿ ಸಿಗುವಂಥವೇ. ಇಂಜಿನ್ನಿನ ಆಯಸ್ಕಾಂತ ತಿರುಗಿದಾಗ ಹುಟ್ಟುವ ವಿದ್ಯುತ್ತು ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಸರಿಯಾದ ಗಳಿಗೆಗೆ ಎಸ್‌ಸಿಆರ್ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ತುಂಬಿದ್ದೆಲ್ಲ ಒಂದೇ ಏಟಿಗೆ ಕಾಯಿಲ್‌ಗೆ ನುಗ್ಗಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ದಿನಗಳವು. ಜಯನಗರದ ನಮ್ಮ ಮನೆಯಿಂದ ಶನಿವಾರ ಶನಿವಾರ ಬಂದು ಮಾವನ ಪಕ್ಕ ಕೂತು ಬೆಸುಗೆ ಹಾಕುತ್ತಿದ್ದೆ. ನಾಲ್ಕು ವರ್ಷದ ಓದಿನಲ್ಲಿ ಕಲಿಯದ್ದನ್ನು ಆ ಬೆಂಚಿನ ಮೇಲೆ ಕಲಿತೆ. ಇದು ಮಾವನನ್ನು ಹೊಗಳುವ ಮಾತಲ್ಲ, ನನ್ನ ಕಾಲೇಜನ್ನು ಕುರಿತ ದೂರು.

ಡಬ್ಬಿಯಿಂದ ನಾಲ್ಕು ತಂತಿಗಳು ಹೊರಬರುತ್ತಿದ್ದವು. ಒಂದು ವಿದ್ಯುತ್ತು ತರುವುದಕ್ಕೆ, ಒಂದು ಗಳಿಗೆ ತಿಳಿಸುವುದಕ್ಕೆ, ಒಂದು ಕಿಡಿ ಕಳಿಸುವುದಕ್ಕೆ. ನಾಲ್ಕನೆಯದು, ಕಪ್ಪು ಮೈಮೇಲೆ ಬಿಳಿ ಗೆರೆ ಇದ್ದದ್ದು, ಇಂಜಿನ್ ನಿಲ್ಲಿಸುವುದಕ್ಕೆ. ಇಲ್ಲಿ ಒಂದು ವಿಚಿತ್ರವಿದೆ. ಮನೆಯ ದೀಪ ಆರಿಸಿದಾಗ ಸ್ವಿಚ್ಚು ತಂತಿಯನ್ನು ಬೇರ್ಪಡಿಸುತ್ತದೆ. ಈ ಡಬ್ಬಿಯಲ್ಲಿ ಅದು ತಿರುಗುಮುರುಗು. ಕೆಂಪು ಗುಂಡಿ ಒತ್ತಿದಾಗ ನಾಲ್ಕನೇ ತಂತಿ ಇಂಜಿನ್ನಿನ ಲೋಹದ ಮೈಗೆ ಕೂಡಿಕೊಳ್ಳುತ್ತದೆ, ವಿದ್ಯುತ್ತೆಲ್ಲ ಅಲ್ಲಿಗೆ ಹರಿದುಹೋಗುತ್ತದೆ, ಕಿಡಿ ಸಾಯುತ್ತದೆ. ಆ ತಂತಿ ಎಲ್ಲಾದರೂ ತುಂಡಾಗಿದ್ದರೆ ಗುಂಡಿಯನ್ನು ಎಷ್ಟು ಒತ್ತಿದರೂ ಇಂಜಿನ್ನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದು ಓಡುತ್ತಲೇ ಇರುತ್ತದೆ.

ಮಾವ ಪ್ರತಿಯೊಂದು ಡಬ್ಬಿಯನ್ನೂ ಬೆಂಚಿಗೆ ಕಟ್ಟಿ, ಡ್ರಿಲ್ಲಿಂಗ್ ಮೆಷಿನ್ನಿನಿಂದ ಒಂದು ಹಳೆಯ ಮೊಪೆಡ್ಡಿನ ಆಯಸ್ಕಾಂತದ ಚಕ್ರವನ್ನು ತಿರುಗಿಸಿ, ಕಿಡಿ ನೋಡಿ, ಆಮೇಲೆ ಆರಿಸಿ ನೋಡುತ್ತಿದ್ದರು. ಕಿಡಿ ಬಂದದ್ದಕ್ಕಿಂತ ನಿಂತದ್ದನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರು. ಅದಾದ ಮೇಲೆ ಡಬ್ಬಿಯೊಳಗೆ ಎಪಾಕ್ಸಿ ಎಂಬ ಕಪ್ಪು ಅಂಟು ಸುರಿಯುವುದು. ಮಳೆ, ಧೂಳು, ಅದುರಾಟ ಯಾವುದೂ ತಾಗಬಾರದು ಎಂದು. ಅದು ಗಟ್ಟಿಯಾಯಿತೆಂದರೆ ಒಳಗೇನಿದೆ ಎನ್ನುವುದು ಮಾಡಿದವರಿಗೂ ಕಾಣುವುದಿಲ್ಲ.

ಡಬ್ಬಿಗಳನ್ನು ಹೆಚ್ಚಾಗಿ ಒಯ್ಯುತ್ತಿದ್ದವನು ಮಡಿವಾಳದ ಕೆರೆಯ ಹತ್ತಿರ ಶೆಡ್ಡು ಇಟ್ಟಿದ್ದ ಒಬ್ಬ ಮೆಕ್ಯಾನಿಕ್. ಒಯ್ದಷ್ಟೇ ಉತ್ಸಾಹದಿಂದ ವಾಪಸೂ ತರುತ್ತಿದ್ದ.

"ಸಾರ್, ಬಾಕ್ಸ್ ಔಟು. ಸ್ಪಾರ್ಕೇ ಇಲ್ಲ. ಕಸ್ಟಮರ್ ನನ್ ಮೇಲೆ ಹಾರಾಡ್ತಾವ್ನೆ."

ಮಾವ ಬೆಂಚಿಗೆ ಕಟ್ಟುವರು. ಚಟಚಟನೆ ನೀಲಿ ಕಿಡಿ.

"ಇಲ್ಲಿ ಬರತ್ತಲ್ಲಯ್ಯ?"

"ನಿಮ್ಮ ಕೈಗುಣ ಸಾರ್. ನಮ್ಮ ಶೆಡ್ ನೋಡಿದ್ರೆ ಮುನಿಸ್ಕೊಳ್ಳತ್ತೆ."

ಕಾರಣ ಕೈಗುಣವಲ್ಲ ಎಂದು ಕೆಲವು ವಾರಗಳಲ್ಲಿ ಗೊತ್ತಾಯಿತು. ಹಳೆಯ ಗಾಡಿಗಳ ಹ್ಯಾಂಡಲ್ಲಿನ ಸ್ವಿಚ್ಚಿಗೆ ನೀರು ಇಳಿದು, ತಂತಿಯ ಹೊದಿಕೆ ಸವೆದು, ನಾಲ್ಕನೇ ತಂತಿ ಯಾರೂ ಒತ್ತದೆಯೇ ಲೋಹಕ್ಕೆ ತಾಗಿಕೊಳ್ಳುತ್ತಿತ್ತು. ಇಂಜಿನ್ ಹತ್ತುತ್ತಿರಲಿಲ್ಲ, ಬೈಗುಳ ಡಬ್ಬಿಗೆ. ಅನುಭವಸ್ಥ ಮೆಕ್ಯಾನಿಕ್ಕುಗಳಿಗೆ ಇದು ಗೊತ್ತಿತ್ತು. ಅವರು ಸ್ಪಾರ್ಕ್ ಇಲ್ಲದ ಗಾಡಿ ಬಂದರೆ ಮೊದಲು ಮಾಡುವ ಕೆಲಸವೇ ಆ ಕಪ್ಪು ಬಿಳಿ ತಂತಿಯನ್ನು ಕಿತ್ತು ಪಕ್ಕಕ್ಕೆ ಮಡಚುವುದು. ಹಾಗೆ ಕಿತ್ತ ಗಾಡಿಗಳು ನಮ್ಮ ಸುತ್ತ ಎಷ್ಟೋ ಓಡಾಡುತ್ತಿದ್ದವು. ನಿಲ್ಲಿಸಬೇಕಾದಾಗ ಗೇರಿನಲ್ಲಿಟ್ಟು ಬ್ರೇಕ್ ಹಿಡಿದು ಕ್ಲಚ್ ಬಿಡುವುದು. ಗಾಡಿ ಒಮ್ಮೆ ಕುಪ್ಪಳಿಸಿ ಸುಮ್ಮನಾಗುತ್ತದೆ. ಗೇರಿಲ್ಲದ ಮೊಪೆಡ್ಡಾದರೆ ಗಾಳಿ ಎಳೆಯುವ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು. ನಮ್ಮ ಮೆಕ್ಯಾನಿಕ್ಕಂತೂ ಯಾವ ಇಂಜಿನ್ನನ್ನೂ ಗುಂಡಿ ಒತ್ತಿ ನಿಲ್ಲಿಸಿದ್ದನ್ನು ನಾನು ನೋಡಲೇ ಇಲ್ಲ. ಅವನ ಅಂಗೈಯಲ್ಲಿ ಕಾರ್ಬ್ಯುರೇಟರಿನ ಬಾಯಿಯ ಗುಂಡನೆಯ ಮಸಿ ಸದಾ ಇರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಅವನು ಒಟ್ಟಿಗೆ ಮೂರು ಡಬ್ಬಿ ವಾಪಸ್ ತಂದಿಟ್ಟು ಹೋದ. ಮೂರೂ ಚೆನ್ನಾಗಿದ್ದವು. ಆಗ ನಾನು ವಾದ ಎತ್ತಿದೆ.

"ಮಾವ, ಎಲ್ಲರೂ ಕಿತ್ತು ಬಿಸಾಕೋ ತಂತೀನ ನಾವು ಯಾಕೆ ಕೊಡ್ಬೇಕು?"

"ನಿಲ್ಸೋಕೆ ಬೇಕಲ್ಲೇ."

"ಯಾರ್ ನಿಲ್ಸ್ತಿದಾರೆ ಅದ್ರಿಂದ? ನಮ್ಮ ಬಾಕ್ಸ್ ವಾಪಸ್ ಬರೋದಕ್ಕೆ ಇರೋದು ಒಂದೇ ಕಾರಣ, ಆ ತಂತಿ. ಅದನ್ನ ತೆಗೆದ್ರೆ ದೂರೂ ಹೋಯ್ತು."

"ನಿಲ್ಸೋಕಾಗದ ಇಂಜಿನ್ನಿಗೆ ನಾನು ಬಾಕ್ಸ್ ಮಾಡಲ್ಲ ಕಣೇ."

"ನಿಲ್ಸೋಕಾಗತ್ತೆ. ಕ್ಲಚ್ ಇದೆ. ಅಂಗೈ ಇದೆ. ಪೆಟ್ರೋಲ್ ಕಾಕ್ ಇದೆ."

"ಕಾಕ್ ಮುಚ್ಚಿದ್ರೆ ತಕ್ಷಣ ನಿಲ್ಲತ್ತಾ? ಕಾರ್ಬ್ಯುರೇಟರ್ ಒಳಗಿರೋದು ಖಾಲಿ ಆಗೋವರ್ಗೂ ಓಡತ್ತೆ."

ಎಷ್ಟು ಹೊತ್ತು ಓಡುತ್ತದೆ ಎಂದು ನಾನು ಕೇಳಿದೆ. ಗೊತ್ತಿಲ್ಲ ಎಂದರು. ಗೊತ್ತಿಲ್ಲದ್ದನ್ನು ವಾದಕ್ಕೆ ತರಬೇಡಿ ಎಂದೆ. ಗ್ಯಾರೇಜಿನ ಮುಂದೆ ಮಾವನದೇ ಹಳೆಯ ಮೊಪೆಡ್ ಇತ್ತು. ಹತ್ತಿಸಿ, ಪೆಟ್ರೋಲ್ ನಲ್ಲಿಯಾದ ಕಾಕ್ ಮುಚ್ಚಿ, ಮೊಬೈಲಿನಲ್ಲಿ ಸಮಯ ಹಿಡಿದೆ. ಐವತ್ತೆರಡು ಸೆಕೆಂಡು. ಗೆದ್ದ ಖುಷಿಯಲ್ಲಿ ಮೊಬೈಲನ್ನು ಅವರ ಮುಖಕ್ಕೆ ಹಿಡಿದೆ. "ಒಂದು ನಿಮಿಷವೂ ಇಲ್ಲ. ಇದ್ರಿಂದ ಯಾರಿಗೆ ಏನ್ ತೊಂದ್ರೆ? ತೊಂದ್ರೆ ಇದೆ ಅನ್ನೋರು ತೋರಿಸ್ಬೇಕು. ಇಲ್ಲ ಅಂತ ತೋರಿಸೋದು ನನ್ನ ಕೆಲಸ ಅಲ್ಲ."

ಕಾಫಿ ತಂದ ಅತ್ತೆ ಲೋಟ ಇಡಲು ಬೆಂಚಿನ ಮೇಲೆ ಜಾಗ ಹುಡುಕುತ್ತ, "ಕಪ್ ಗೆದ್ದೂ ಗೆದ್ದೂ ಇವ್ಳಿಗೆ ಮನೇಲೂ ಮೈಕ್ ಬೇಕು" ಎಂದರು. ಮಾವನ ಕಡೆ ತಿರುಗಿ, "ನೀವ್ಯಾಕ್ರೀ ಇವ್ಳ ಬಾಯಿಗೆ ಸಿಗ್ತೀರಾ? ಹೂಂ ಅಂದು ಕಾಫಿ ಕುಡೀರಿ" ಎಂದರು.

ಮಾವ ನಗಲಿಲ್ಲ. ಕಾಫಿ ಕುಡಿದರು. ನನ್ನ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೆ ಸೋತಂತೆ ಎಂದು ನನಗೆ ಕಲಿಸಿದ್ದರು. ಅದನ್ನು ನಾನು ಆಗ ಅನುಮಾನಿಸಿರಲಿಲ್ಲ, ಉಳಿದ ಎಲ್ಲವನ್ನೂ ಅನುಮಾನಿಸುತ್ತಿದ್ದೆ.

ಮುಂದಿನ ವಾರ ಮೂರು ತಂತಿಯ ಡಬ್ಬಿ ಸಿದ್ಧವಾಯಿತು. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ಹಲ್ಲು ಕಿರಿದ.

"ಸಾರ್, ಇದು ನಡಿಯಲ್ಲ. ಗಾಡೀಲಿ ಸಾಕೆಟ್‌ಗೆ ನಾಲ್ಕು ತೂತು. ಮೂರೇ ವೈರ್ ಕಂಡ್ರೆ ಕಸ್ಟಮರು, ಏನ್ ಗುರೂ ಡೂಪ್ಲಿಕೇಟ್ ಹಾಕ್ದಾ ಅಂತಾನೆ. ನಾಲ್ಕು ಕಾಣ್ಬೇಕು. ಕೆಲ್ಸ ಮಾಡೋದು ಬ್ಯಾರೆ ಮಾತು."

ಅವನು ಹೋದ ಮೇಲೆ ನಾನೇ ದಾರಿ ಹೇಳಿದೆ. ನಾಲ್ಕನೇ ತಂತಿ ಇರಲಿ, ಡಬ್ಬಿಯ ಒಳಗೆ ಯಾವುದಕ್ಕೂ ಬೆಸೆಯುವುದು ಬೇಡ. ಎಪಾಕ್ಸಿ ಹಸಿಯಿರುವಾಗ ತುದಿಯನ್ನು ಅದರೊಳಗೆ ಇಳಿಬಿಟ್ಟರೆ ಸಾಕು, ಗಟ್ಟಿಯಾದಾಗ ಕಚ್ಚಿಕೊಳ್ಳುತ್ತದೆ. ಕೆಟ್ಟ ಸ್ವಿಚ್ಚಿದ್ದ ಗಾಡಿಯೂ ಹತ್ತುತ್ತದೆ, ಸಾಕೆಟ್ಟಿನ ತೂತೂ ತುಂಬುತ್ತದೆ. ಮಾವ ಮೂರು ತಂತಿಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಬೈಕಿಗೆ ಮಾತ್ರ. ಗೇರಿರೋ ಬೈಕಿಗೆ. ಅವನಿಗೆ ನಾನೇ ಹೇಳ್ತೀನಿ" ಎಂದರು.

ಹನ್ನೆರಡು ಡಬ್ಬಿ. ಎಲ್ಲಕ್ಕೂ ಆ ತಂತಿಯನ್ನು ನಾನೇ ಇಳಿಬಿಟ್ಟೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಡಬ್ಬಿಗಳು ಕೈಗೆ ಬೆಚ್ಚಗೆ ತಗಲುತ್ತಿದ್ದವು, ಗ್ಯಾರೇಜಿನ ತುಂಬ ಮೂಗು ಸುಡುವ ವಾಸನೆ. ಹೊರಗಿನಿಂದ ನೋಡಿದರೆ ಹಳೆಯದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದು ಮಾವನಿಗೆ ಸರಿಕಾಣಲಿಲ್ಲ. ಎಪಾಕ್ಸಿ ಪೂರ್ತಿ ಆರುವ ಮೊದಲು ಬೆಂಕಿಕಡ್ಡಿಯ ತುದಿಯಿಂದ ಪ್ರತಿಯೊಂದರ ಮೂಲೆಯಲ್ಲೂ ಒಂದು ಚುಕ್ಕೆ ಒತ್ತಿದರು. ಆ ದಿನ ಅವರು ಬೆಂಚಿನ ಮೇಲೆ ಕಿಡಿಯನ್ನಷ್ಟೇ ನೋಡಿದರು. ಆರಿಸಿ ನೋಡುವಂಥದ್ದು ಏನೂ ಇರಲಿಲ್ಲ.

ಮೂರು ತಿಂಗಳು ಒಂದು ಡಬ್ಬಿಯೂ ವಾಪಸ್ ಬರಲಿಲ್ಲ. ಇದನ್ನು ನಾನು ಪುರಾವೆ ಎಂದು ಪರಿಗಣಿಸಿದೆ. ಮಾವ ಮಾತ್ರ ಹದಿಮೂರನೆಯದನ್ನು ಮಾಡಲಿಲ್ಲ, ಮತ್ತೆ ಹಳೆಯ ಕ್ರಮಕ್ಕೇ ಮರಳಿದರು. ಯಾಕೆ ಎಂದರೆ "ಸುಮ್ನೆ" ಎಂದರು. ಮೆಕ್ಯಾನಿಕ್ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಚುಕ್ಕೆ ಬಾಕ್ಸು ಬೈಕಿಗೇ ಹಾಕ್ತಿದೀಯ ತಾನೆ?" ಅವನು "ನಿಮ್ಮಾಣೆ ಸಾರ್" ಎನ್ನುತ್ತಿದ್ದ. ಮಾವ ಅವನ ಬಾಯಿಯನ್ನಲ್ಲ, ಕಣ್ಣನ್ನು ನೋಡುತ್ತಿದ್ದರು. ನನಗೆ ಇದೆಲ್ಲ ವಯಸ್ಸಾದವರ ಪುಕ್ಕಲುತನವಾಗಿ ಕಂಡಿತು, ಹಾಗಂತ ಅತ್ತೆಯ ಮುಂದೆ ಹೇಳಿಯೂ ಇದ್ದೆ.

ಬಿಸಿಲು ಏರತೊಡಗಿದ ಒಂದು ಬೆಳಿಗ್ಗೆ ಅವನು ಬೇರೆ ಏನನ್ನೋ ಒಯ್ಯಲು ಬಂದವನು, ತಾನಾಗಿಯೇ ಖುಷಿಯಿಂದ ಬಾಯಿಬಿಟ್ಟ.

"ಸಾರ್, ನಿಮ್ಮ ಬಾಕ್ಸು ಜ್ಯೂಸ್ ಗಾಡೀಲೂ ಓಡ್ತೈತೆ! ಬಿಟಿಎಂನಲ್ಲಿ ಗಂಡ ಹೆಂಡ್ತಿ ಒಂದು ಕಬ್ಬಿನ್ ಗಾಡಿ ಇಕ್ಕೊಂಡವ್ರೆ. ಮೊಪೆಡ್ ಇಂಜಿನ್ ಕೂರ್ಸಿ, ಚೈನ್ ಕೊಟ್ಟು, ಸಖತ್ತಾಗ್ ಮಾಡ್ಕೊಟ್ಟೆ."

ಮಾವ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟರು. "ಯಾವ ಬಾಕ್ಸು?"

"ಅದೇ… ಒಂದು ಮಿಕ್ಕಿತ್ತಲ್ಲ ಸಾರ್."

"ಚುಕ್ಕೆದಾ?"

"ಹತ್ತು ಏಟಿಗೂ ಹತ್ತದಿದ್ದ ಇಂಜಿನ್ನು ಒಂದೇ ಏಟಿಗೆ ಹತ್ಕೊಂತು ಸಾರ್!"

"ನಿಲ್ಸಿ ನೋಡಿದ್ಯಾ?"

"ಹೂಂ ಸಾರ್, ನಿಲ್ತಲ್ಲ" ಎಂದು ಅವನು ಅಂಗೈ ಎತ್ತಿ ತೋರಿಸಿದ.

ಆ ಗಾಡಿಯಲ್ಲಿ ಗೇರಿಲ್ಲ, ಕ್ಲಚ್ಚಿಲ್ಲ. ಆಕ್ಸಿಲರೇಟರಿನ ತಂತಿಯನ್ನು ಎಳೆದು ಒಂದು ಮೊಳೆಗೆ ಸುತ್ತಿಟ್ಟಿದ್ದಾನಂತೆ. ಗಾಣದ ಪಕ್ಕದಲ್ಲಿ ಒಂದು ಕೆಂಪು ಗುಂಡಿ ಇದೆ, ನಾಲ್ಕನೇ ತಂತಿ ಅದಕ್ಕೆ ಹೋಗುತ್ತದೆ. ಆ ಗುಂಡಿಯನ್ನು ಅವನು ಒತ್ತಿಯೇ ನೋಡಿಲ್ಲ. ಗಾಣಕ್ಕೆ ಕಬ್ಬು ಕೊಡುವವರು ಯಾರು ಎಂದು ಮಾವ ಕೇಳಿದರು. "ಹೆಂಡ್ತಿ ಸಾರ್. ಗಂಡ ಗಿರಾಕಿ ನೋಡ್ಕೋತಾನೆ."

ಕಬ್ಬಿನ ಗಾಣಕ್ಕೆ ಕಬ್ಬು ಕೊಡುವುದನ್ನು ನೋಡದವರಿಲ್ಲ. ಮೊದಲ ಸಲ ಜಲ್ಲೆ ಉದ್ದಕ್ಕಿರುತ್ತದೆ, ಕೈ ದೂರದಲ್ಲಿರುತ್ತದೆ. ಎರಡನೇ ಸಲ ಮಡಚುತ್ತಾರೆ. ಮೂರನೇ ಸಲ ಸಿಪ್ಪೆಯನ್ನು ಮುದುಡಿ, ನಡುವೆ ನಿಂಬೆಹಣ್ಣು ಶುಂಠಿ ಇಟ್ಟು, ಬೆರಳಿನಿಂದ ಒತ್ತಿ ಕೊಡುತ್ತಾರೆ. ಒಂದೊಂದು ಲೋಟಕ್ಕೂ ಬೆರಳುಗಳು ರೋಲರಿನ ಅಷ್ಟು ಹತ್ತಿರ ಹೋಗಿಬರುತ್ತವೆ. ನಾನು ಚಿಕ್ಕಂದಿನಿಂದ ನೋಡಿದ್ದೆ. ಯೋಚಿಸಿದ್ದು ಅವತ್ತು.

ಮಾವ ಒಂದು ಒಳ್ಳೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಸ್ಕ್ರೂಡ್ರೈವರ್ ತೆಗೆದುಕೊಂಡು, ಆಗಲೇ ಹೊರಟರು. ಸ್ಕೂಟರಿನ ಹಿಂದೆ ನಾನು. ಉಳಿದ ಹನ್ನೊಂದೂ ಬೈಕುಗಳಲ್ಲಿವೆ, ವಾರದೊಳಗೆ ಎಲ್ಲವನ್ನೂ ಬಿಚ್ಚಿ ತಂದುಕೊಡುತ್ತೇನೆ ಎಂದು ಮೆಕ್ಯಾನಿಕ್ ಒಪ್ಪಿದ, ತಂದುಕೊಟ್ಟ ಕೂಡ. ಬಿಟಿಎಂನಲ್ಲಿ ಅವನು ಹೇಳಿದ ಜಾಗಕ್ಕೆ ಹೋದರೆ ಅಲ್ಲಿ ಗಾಡಿ ಇರಲಿಲ್ಲ. ಪಿಜಿಗಳ ಸಾಲಿನ ಮುಂದೆ ಫುಟ್‌ಪಾತಿನ ಮೇಲೆ ಎರಡು ಇಟ್ಟಿಗೆ, ಒಣಗಿದ ಕಬ್ಬಿನ ಸಿಪ್ಪೆ, ನೊಣ. ಪಕ್ಕದ ಎಳನೀರಿನವನು ಕತ್ತಿ ಕೆಳಗಿಡದೆಯೇ ಹೇಳಿದ: "ಜಾಗ ಬಿಡ್ಸಿದ್ರು ಅಂಕಲ್. ಹೋಗಿ ನಾಲ್ಕು ದಿನ ಆಯ್ತು. ಜೇಪಿ ನಗರ ಕಡೆ ಅಂತಿದ್ರು."

ಮಾವ ಸ್ಕೂಟರನ್ನು ತಿರುಗಿಸತೊಡಗಿದರು. ನಾನು ತಡೆದೆ.

"ಅಂತಿದ್ರು ಅಂತ ಅವ್ನು ಹೇಳ್ತಿದಾನೆ, ಅಷ್ಟೇ. ಯೋಚ್ನೆ ಮಾಡಿ ಮಾವ. ಅವ್ರ ಗಿರಾಕಿಗಳು ಇಲ್ಲಿದಾರೆ. ಕಾಯಂ ಗಿರಾಕಿ ಬಿಟ್ಟು ಅಷ್ಟು ದೂರ ಯಾಕ್ ಹೋಗ್ತಾರೆ? ಎರಡು ರಸ್ತೆ ಆಚೆ ಎಲ್ಲೋ ನಿಂತಿರ್ತಾರೆ. ಇಲ್ಲಾಂದ್ರೆ ಮಡಿವಾಳ ಮಾರ್ಕೆಟ್ಟು, ಸಿಲ್ಕ್ ಬೋರ್ಡು."

"ಅವನು ಪಕ್ಕದಲ್ಲೇ ನಿಂತಿದ್ದೋನು ಕಣೇ."

"ಕೇಳಿದ್ದು ಪುರಾವೆ ಅಲ್ಲ."

ಇದೂ ನಾನು ಗೆದ್ದ ವಾದವೇ. ಅವತ್ತಿನಿಂದ ಐದು ದಿನ ನಾವು ಬಿಟಿಎಂ, ಮಡಿವಾಳ, ಸಿಲ್ಕ್ ಬೋರ್ಡಿನ ಸುತ್ತ ಕಬ್ಬಿನ ಗಾಡಿಗಳನ್ನು ಹುಡುಕಿದೆವು. ಮೆಕ್ಯಾನಿಕ್ ಬಳಿ ಇದ್ದ ಗಂಡನ ನಂಬರು ಸ್ವಿಚ್ ಆಫ್. ಮಾವ ಪ್ರತಿಯೊಂದು ಗಾಡಿಯ ಮುಂದೆಯೂ ನಿಲ್ಲಿಸುವರು. ಸಕ್ಕರೆ ಕಾಯಿಲೆಯ ಮನುಷ್ಯ ಒಂದು ಲೋಟ ಹೇಳಿ, ಅದನ್ನು ನನ್ನ ಕೈಗೆ ದಾಟಿಸಿ, "ಒಂದ್ಸಲ ಆಫ್ ಮಾಡಿ ತೋರಿಸ್ತೀರಾ" ಎಂದು ಕೇಳುವರು. ಕೆಲವರು ಅನುಮಾನದಿಂದ ನೋಡುವರು. ಒಬ್ಬನಂತೂ, "ಯಾವ್ ಡಿಪಾರ್ಟ್‌ಮೆಂಟ್ ಸಾರ್ ನೀವು?" ಎಂದು ಕೈಮುಗಿದೇಬಿಟ್ಟ. ಗುಂಡಿ ಒತ್ತಿದಾಗ ಇಂಜಿನ್ ನಿಲ್ಲುತ್ತಿತ್ತು. ನಿಂತ ಪ್ರತಿಸಲವೂ ಮಾವನ ಭುಜ ಒಂದಿಷ್ಟು ಕೆಳಗಿಳಿಯುತ್ತಿತ್ತು; ಮುಂದಿನ ಗಾಡಿ ಕಾಣುತ್ತಲೇ ಮತ್ತೆ ಮೇಲೇರುತ್ತಿತ್ತು. ನಾನು ದೂರದಲ್ಲಿ ಯಾವುದೇ ಸಣ್ಣ ಇಂಜಿನ್ನಿನ ಸದ್ದು ಕೇಳಿದರೂ ಅದು ನಿಲ್ಲುವವರೆಗೆ ಮಾತು ನಿಲ್ಲಿಸುತ್ತಿದ್ದೆ. ನಮ್ಮ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿದ್ದಾಗ ಅಮ್ಮ ಏನೋ ಕೇಳಿದಳು. ಅದು ನಿಂತ ಮೇಲೆ ಉತ್ತರ ಕೊಟ್ಟೆ.

ಆರನೇ ದಿನ ಮಾವ ನನ್ನನ್ನು ಕೇಳಲಿಲ್ಲ. ಸ್ಕೂಟರು ಔಟರ್ ರಿಂಗ್ ರೋಡು ದಾಟಿ ಜೆ.ಪಿ. ನಗರದ ಕಡೆ ತಿರುಗಿತು. ಒಂದೊಂದೇ ಫೇಸ್ ನೋಡುತ್ತ ಹೋಗಿ, ಏಳನೇ ಫೇಸಿನ ಒಂದು ಆಸ್ಪತ್ರೆಯ ಎದುರಿನ ಹೊಂಗೆಮರದ ಕೆಳಗೆ ಆ ಗಾಡಿಯನ್ನು ಕಂಡೆವು. ಮೊಪೆಡ್ಡಿನ ಇಂಜಿನ್, ಚೈನು, ಮೊಳೆಗೆ ಸುತ್ತಿದ ತಂತಿ. ಗಂಡ ಒಬ್ಬನೇ ಕಬ್ಬು ಕೊಡುತ್ತಿದ್ದ, ಲೋಟವನ್ನೂ ತೊಳೆಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ತಿರುಗಿಸಿಟ್ಟ ಒಂದು ಕ್ರೇಟಿನ ಮೇಲೆ ಕೂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಬಲಗೈ ಮೊಣಕೈವರೆಗೆ ಬಿಳಿ ಬ್ಯಾಂಡೇಜಿನಲ್ಲಿತ್ತು.

ಮಾವ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಎರಡು ಸಲ ಪ್ರಯತ್ನಿಸಿದರು.

"ಏನಾಯ್ತಪ್ಪ ಕೈಗೆ?"

"ಮೊನ್ನೆ ಸಿಕ್ಕಾಕೊಂಡ್ತು ಸಾರ್" ಎಂದ ಗಂಡ, ಕಬ್ಬನ್ನು ಒರೆಸುತ್ತ. ಎಷ್ಟೋ ಜನರಿಗೆ ಹೇಳಿ ಹೇಳಿ ನುಣುಪಾದ ಕಥೆಯಂತೆ ಹೇಳಿದ. "ಪಕ್ಕದಲ್ಲೇ ಬಟನ್ ಐತೆ. ಎಡಗೈಗೆ ಸಿಗೋ ಹಂಗೇ ಇಕ್ಕಿಸಿದೀನಿ. ಒತ್ತೋದ್ ಬಿಟ್ಟು ಕಿರ್ಚ್ಕೊಂಡು ನಿಂತ್ಲು. ಗಾಬರೀಲಿ ಮರ್ತ್‌ಬಿಟ್ಲು. ನಾನು ಓಡ್ಬಂದು ಪೆಟ್ರೋಲ್ ಬಂದ್ ಮಾಡ್ದೆ. ಮಾಡಿದ್ರೂ ನಿಲ್ತಾನೇ ಇಲ್ಲ ಸಾರ್. ಓಡ್ತಾನೇ ಐತೆ, ಓಡ್ತಾನೇ ಐತೆ. ಚಕ್ರ ಹಿಂದಕ್ಕೆ ತಿರ್ಸೋಣ ಅಂದ್ರೆ ಅದು ಮುಂದಕ್ಕೇ ಎಳೀತೈತೆ. ಎಷ್ಟೊತ್ತು ಅಂತ ಗೊತ್ತಿಲ್ಲ."

ನನಗೆ ಗೊತ್ತಿತ್ತು.

"ಮೂರು ಬೆರಳು ತೆಗೀಬೇಕಾಯ್ತು" ಎಂದ. "ಡಾಕ್ಟ್ರೂ ಬೈದ್ರು, ಬಟನ್ ಒತ್ತೋಕೇನಮ್ಮ ಅಂತ. ನಮ್ಮತ್ತೆನೂ ಬೈದ್ರು."

ಆ ಹೆಂಗಸು ನೆಲ ನೋಡುತ್ತಿದ್ದಳು. ಮಾತು ಅವಳ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಮಾವ ಬಗ್ಗಿ ಇಂಜಿನ್ನಿನ ಪಕ್ಕ ನೋಡಿದರು. ನಾನೂ ಬಗ್ಗಿದೆ. ಡಬ್ಬಿಯ ಮೂಲೆಯಲ್ಲಿ ಬೆಂಕಿಕಡ್ಡಿಯ ಚುಕ್ಕೆ. ಕಪ್ಪು ಬಿಳಿ ತಂತಿ ನೀಟಾಗಿ ಕೆಂಪು ಗುಂಡಿಯವರೆಗೆ ಹೋಗಿತ್ತು. ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ ಅಂಚು ಎರಡು ಕಡೆ ಒಡೆದಿತ್ತು. ಹೊಸ ಗುಂಡಿ, ಒಡೆದ ಜಾಗವೂ ಹೊಸದು. ಸುಮ್ಮನೆ ಬೆರಳಿಟ್ಟರೆ ಅದು ಹಾಗೆ ಒಡೆಯುವುದಿಲ್ಲ. ಯಾರೋ ಮೈಭಾರವನ್ನೆಲ್ಲ ಹಾಕಿ ಮತ್ತೆ ಮತ್ತೆ ಒತ್ತಿರಬೇಕು.

ಇಂಜಿನ್ ಓಡುತ್ತಿತ್ತು. ನಾನು ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದೆ. ಓಡುತ್ತಲೇ ಇತ್ತು.

"ಈಗ ಕೆಟ್ಟೈತೆ ಅನ್ಸತ್ತೆ ಮೇಡಂ" ಎಂದ ಗಂಡ. "ಅವತ್ತು ಸರಿ ಇತ್ತು. ಮೆಕ್ಯಾನಿಕ್ ಗ್ಯಾರಂಟಿ ಕೊಟ್ಟಿದ್ದ. ನಾವು ದಿನಾ ಪೆಟ್ರೋಲ್ ಬಂದ್ ಮಾಡೇ ನಿಲ್ಸೋದು, ಬಟನ್ ಇರೋದು ಅರ್ಜೆಂಟಿಗೆ ಅಂತ."

ಮಾವ ಗಾಳಿಯ ಬಾಯಿಗೆ ಅಂಗೈ ಹಿಡಿದು ಇಂಜಿನ್ ನಿಲ್ಲಿಸಿ, ಡಬ್ಬಿಯನ್ನು ಬಿಚ್ಚಿ, ಜೇಬಿನಲ್ಲಿದ್ದ ಒಳ್ಳೆಯದನ್ನು ಕೂರಿಸಿದರು. ಸ್ಕ್ರೂ ಒಮ್ಮೆ ಕೆಳಗೆ ಬಿತ್ತು. ಗಂಡ ಕಿಕ್ ಹೊಡೆದ. ಇಂಜಿನ್ ಹತ್ತಿತು. ಮಾವ ಗುಂಡಿ ಒತ್ತಿದರು. ಸದ್ದು ಕತ್ತರಿಸಿದಂತೆ ನಿಂತಿತು. ಇನ್ನೊಮ್ಮೆ ಹತ್ತಿಸಿ, ಇನ್ನೊಮ್ಮೆ ನಿಲ್ಲಿಸಿದರು. ಆಮೇಲೆ ಚುಕ್ಕೆಯ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ನೋಡಿದರು. ಹೇಳುವುದಿದ್ದರೆ ಈಗ ನೀನೇ ಹೇಳು ಎನ್ನುವ ನೋಟ ಎಂದು ನಾನು ಅರ್ಥ ಮಾಡಿಕೊಂಡೆ. ತಪ್ಪಿರಬಹುದು. ಗಂಡ, "ರಿಪೇರಿಯೋರಾ ಸಾರ್ ನೀವು? ದೇವ್ರು ಬಂದಂಗ್ ಬಂದ್ರಿ" ಎಂದು ಎರಡು ಲೋಟ ತೊಳೆಯಲು ಹೋದ.

ಆ ಹೆಂಗಸು ಎದ್ದುಬಂದಳು. ಗಾಡಿಯ ಈ ಬದಿಗೆ ನಿಂತು, ಎಡಗೈಯ ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟಳು. ಒತ್ತಲಿಲ್ಲ. ಒಡೆದ ಅಂಚನ್ನು ಸವರಿದಳು. ಗಂಡನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತಾಡಿದಳು.

"ಅಕ್ಕ, ಅವತ್ತು ನಾನು ಒತ್ತಿದ್ದೆ ಅನ್ಸತ್ತೆ. ಎಲ್ರೂ ಇಲ್ಲ ಇಲ್ಲ ಅಂತ ಹೇಳೀ ಹೇಳೀ, ಈಗ ನಂಗೇ ನೆಪ್ಪಿಲ್ಲ. ನೀವು ಓದಿರೋರು, ಮಿಷಿನ್ ಗೊತ್ತಿರೋರು. ನೀವೇ ಹೇಳಿ. ನಾನು ಒತ್ತಿದ್ನಾ, ಇಲ್ವಾ?"